ಗೋಧಿ ಬೇಯಿಸದ ಹಬ್ಬ

ಅಕ್ಟೋಬರ್ 20, ಸೋಮವಾರ

ದ್ರಾಗಿಶಾ ಇವತ್ತು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ಕಾಫಿ ಆಯಿತಾ ಪೆರ್ಸಾ ಎಂದು ಕೇಳಿದ. ನಮ್ಮ ಶಾಲೆಗೆ ಹೆಡ್‌ಮಾಸ್ಟರ್ ಆಗಿ ಬಂದು ಆರು ವರ್ಷವಾಯಿತು, ಇದುವರೆಗೆ ನನ್ನ ಕಾಫಿಯ ಯೋಚನೆ ಆತನಿಗೆ ಬಂದದ್ದಿಲ್ಲ. ಏನೋ ಕೆಲಸವಿದೆ ಎಂದು ಆಗಲೇ ಗೊತ್ತಾಯಿತು.

ಪಟ್ಟಿ ಬೇಕಂತೆ. ಪ್ರತಿ ಶುಕ್ರವಾರ ಹನ್ನೊಂದು ಐವತ್ತೆರಡಕ್ಕೆ ತರಗತಿ ಬಿಟ್ಟು, ಮಕ್ಕಳನ್ನೂ ಕರೆದುಕೊಂಡು, ಶಾಲೆಯ ಮುಂದಿನ ಕೂಡುರಸ್ತೆಯಲ್ಲಿ ಹೋಗಿ ನಿಲ್ಲುವ ಶಿಕ್ಷಕರ ಹೆಸರು. ಕಳೆದ ವರ್ಷ ರೈಲು ನಿಲ್ದಾಣದ ಚಾವಣಿ ಬಿದ್ದು ಸತ್ತ ಹದಿನಾರು ಜನರಿಗಾಗಿ ಹದಿನಾರು ನಿಮಿಷ ಬಾಯಿ ಮುಚ್ಚಿ ನಿಲ್ಲುತ್ತಾರೆ. ಚಾವಣಿ ಬಿದ್ದದ್ದು ಅದೇ ಹೊತ್ತಿಗೆ, ಇನ್ನೂರು ಕಿಲೋಮೀಟರ್ ಆಚೆಯ ಊರಿನಲ್ಲಿ. ನಮ್ಮವರು ಒಬ್ಬರೂ ಅದರಲ್ಲಿಲ್ಲ. ಆದರೂ ನಿಲ್ಲುತ್ತಾರೆ, ತಪ್ಪು ಸರ್ಕಾರದ್ದು ಎನ್ನುತ್ತಾರೆ.

ಬರೀ ಹೆಸರು ಸಾಕು, ಸಹಿ ಬೇಡ, ಮೊಹರು ಬೇಡ ಎಂದ ದ್ರಾಗಿಶಾ. ಹೊರಡುವಾಗ ಬಾಗಿಲಲ್ಲಿ ನಿಂತು, ವುಕಾಶಿನ್ ಇನ್ನೂ ನೀರು ಸರಬರಾಜಿನಲ್ಲೇ ಇದ್ದಾನಲ್ಲವೇ ಎಂದು ಕೇಳಿದ. ನನ್ನ ಮಗ ಎಲ್ಲಿದ್ದಾನೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಮೂರು ತಿಂಗಳಿಗೊಮ್ಮೆ ವುಕಾಶಿನ್‌ನ ಕೆಲಸ ಮುಂದುವರಿಯಬೇಕಾದರೆ ಆಳುವ ಪಕ್ಷದ ಕಚೇರಿಯಿಂದ ಒಂದು ಮಾತು ಬರಬೇಕು. ಆ ಕಚೇರಿಯಲ್ಲಿ ಮೂರನೆಯ ಕುರ್ಚಿ ದ್ರಾಗಿಶಾನದು.

ಪಟ್ಟಿ ಮಾಡುವುದು ನನ್ನ ಕೆಲಸ. ಕಾರ್ಯದರ್ಶಿಯಾಗಿ ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದೇನೆ. ಹಲ್ಲಿನ ಡಾಕ್ಟರ ಪಟ್ಟಿ, ಪ್ರವಾಸದ ಪಟ್ಟಿ, ಕನ್ನಡಕ ಬೇಕಾದವರ ಪಟ್ಟಿ. ಇದೂ ಒಂದು. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ವಯಸ್ಸು ನನ್ನದಲ್ಲ.

ಅಕ್ಟೋಬರ್ 21, ಮಂಗಳವಾರ

ಕೊಟ್ಟೆ. ಒಂಬತ್ತು ಹೆಸರು, ಅಕಾರಾದಿಯಾಗಿ.

ಎರಡನೆಯ ಹೆಸರು ದೊಬ್ರಿಲಾಳದು. ಅದನ್ನು ಬಿಡಬಹುದಿತ್ತು. ಬಿಟ್ಟರೆ ದ್ರಾಗಿಶಾ ತಾನೇ ಕೈಯಿಂದ ಸೇರಿಸುತ್ತಿದ್ದ. ನಿನ್ನ ಕುಮಾ ಎಂದು ಬಿಟ್ಟೆಯಾ ಎಂದು ಮೇಲೆ ಒಂದು ಮಾತೂ ಆಡುತ್ತಿದ್ದ. ದೊಬ್ರಿಲಾ ನನ್ನ ಕುಮಾ ಎಂಬುದು ಊರಿಗೆಲ್ಲ ಗೊತ್ತು. ನನ್ನ ಮದುವೆಯಲ್ಲಿ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತವಳು, ವುಕಾಶಿನ್‌ನ ಜ್ಞಾನಸ್ನಾನದ ದಿನ ಅವನನ್ನು ತೋಳಿನಲ್ಲಿ ಹಿಡಿದವಳು. ಸತ್ತ ನನ್ನ ಅತ್ತೆಯ ಲೆಕ್ಕದಲ್ಲಿ ಕುಮಾ ಎಂದರೆ ಒಡಹುಟ್ಟಿದವರಿಗಿಂತ ಒಂದು ಮೆಟ್ಟಿಲು ಮೇಲೆ. ಅತ್ತೆ ಶಾಲೆಯಲ್ಲಿ ಕೆಲಸ ಮಾಡಲಿಲ್ಲ.

ಎಲ್ಲರೂ ನೋಡುವಂತೆ ರಸ್ತೆ ಮಧ್ಯೆ ನಿಂತವಳ ಹೆಸರು ಬರೆದರೆ ಅದರಲ್ಲಿ ಗುಟ್ಟೇನು ಬಂತು? ದ್ರಾಗಿಶಾ ಕಾಗದ ಓದಲೂ ಇಲ್ಲ, ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿಕೊಂಡ.

ಸಂಜೆ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದೆ. ಹತ್ತು ಕಿಲೋ. ಕೈ ಈಗಲೂ ಉರಿಯುತ್ತಿದೆ.

ಅಕ್ಟೋಬರ್ 24, ಶುಕ್ರವಾರ

ನನ್ನ ಕೋಣೆಯ ಕಿಟಕಿ ಕೂಡುರಸ್ತೆಗೇ ಎದುರಾಗಿದೆ. ನೋಡಬಾರದು ಎಂದರೂ ಕಾಣುತ್ತದೆ. ಬಸ್ಸಿನವನು ಎಂಜಿನ್ ಆರಿಸಿ ಕೆಳಗಿಳಿದು ಟೋಪಿ ತೆಗೆದ. ದೊಬ್ರಿಲಾ ನಾನು ಹೆಣೆದುಕೊಟ್ಟ ಸಾಸಿವೆ ಬಣ್ಣದ ಮಫ್ಲರ್ ಹಾಕಿದ್ದಳು. ಅವಳ ಬಲಮೊಣಕಾಲು ಸರಿಯಿಲ್ಲ, ಅಷ್ಟು ಹೊತ್ತು ನಿಂತರೆ ಊದುತ್ತದೆ ಎಂದು ಗೊತ್ತಿದ್ದೂ ನಿಲ್ಲುತ್ತಾಳೆ. ಹಟಮಾರಿ.

ಬಿಸಿಲು ಕಣ್ಣಿಗೆ ಬೀಳುತ್ತದೆ ಎಂದು ಪರದೆ ಎಳೆದೆ. ಬಿಸಿಲು ಇರಲಿಲ್ಲ ಎನ್ನುವುದೂ ನಿಜ.

ಅಕ್ಟೋಬರ್ 31, ಶುಕ್ರವಾರ

ಪಾದ್ರಿ ಗವ್ರಿಲೊ ಮನೆಗೆ ಬಂದಿದ್ದರು. ನಾಳೆ ಸತ್ತವರ ಶನಿವಾರ, ಊರಿನವರೆಲ್ಲ ಸ್ಮಶಾನಕ್ಕೆ ಗೋಧಿ ಒಯ್ಯುವ ದಿನ. ಈ ಬಾರಿ ಅದೇ ದಿನಕ್ಕೆ ಚಾವಣಿ ಬಿದ್ದು ಒಂದು ವರ್ಷವೂ ಆಗುತ್ತದೆ. ನಿನ್ನ ಗಂಡ ಜಿವಾನ್‌ಗೆ ಹೇಗೂ ಬೇಯಿಸುತ್ತೀಯ, ಆ ಹದಿನಾರು ಜನಕ್ಕೂ ಒಂದು ತಟ್ಟೆ ಬೇಯಿಸು ಎಂದು ಕೇಳಿದರು.

ಈ ಊರಿನಲ್ಲಿ ಯಾರೇ ಸತ್ತರೂ ಗೋಧಿ ನನ್ನ ಒಲೆಯ ಮೇಲೇ ಬೇಯುತ್ತದೆ. ಗಂಜಿಯಾಗದಂತೆ ಬೇಯಿಸಿ, ಬಟ್ಟೆಯ ಮೇಲೆ ಆರಿಸಿ, ರುಬ್ಬಿ, ಆಕ್ರೋಟು ಸಕ್ಕರೆ ಕಲಸಿ ಗುಡ್ಡೆ ಮಾಡಿ ಮೇಲೆ ಶಿಲುಬೆ ಬರೆಯಲು ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಬಹುದು. ಕೈ ನೋಯುತ್ತಿದೆ, ಆಗುವುದಿಲ್ಲ ಎಂದೆ.

ಪಾದ್ರಿ ನನ್ನ ಕೈಯನ್ನು ನೋಡಿದರು. ಬೀದಿಯ ಗಲಾಟೆಯಿಂದ ದೂರವಿರಿ ಎಂದು ಅವರಿಗೂ ಮೇಲಿನವರಿಂದ ಸೂಚನೆ ಬಂದಿದೆಯಂತೆ. ಗಂಟೆ ಬಾರಿಸದೆ, ಮೆಲ್ಲಗೆ ಹೆಸರು ಓದಿ ಮುಗಿಸುತ್ತೇನೆ ಎಂದರು. ಕಾಗದ ಬೇಕಿಲ್ಲ, ಹದಿನಾರೂ ಬಾಯಿಪಾಠವಾಗಿವೆ ಎಂದರು.

ಚರ್ಚಿನೊಳಕ್ಕೆ ರಾಜಕೀಯ ಬರಬಾರದು, ನನ್ನ ಅಭಿಪ್ರಾಯ ಇಷ್ಟೇ. ಹೋದ ಬೇಸಿಗೆಯಲ್ಲಿ ಮೇಯರ್ ಹೊಸ ಪಂಪ್‌ಹೌಸ್ ಉದ್ಘಾಟಿಸಿದಾಗ ಇದೇ ಪಾದ್ರಿ ಹೋಗಿ ನೀರು ಚಿಮುಕಿಸಿ ಬಂದರು, ಅವರ ನಿಲುವಂಗಿಗೆ ಇಸ್ತ್ರಿ ಮಾಡಿಕೊಟ್ಟವಳು ನಾನೇ. ಆಗ ಅದು ರಾಜಕೀಯ ಎಂದು ನನಗೆ ಅನಿಸಿರಲಿಲ್ಲ. ಪಂಪ್‌ಹೌಸ್ ಬೇರೆ.

ನವೆಂಬರ್ 1, ಶನಿವಾರ

ಸ್ಮಶಾನದಲ್ಲಿ ಮಂಜು. ಜಿವಾನ್‌ನ ಕಲ್ಲು ಒರೆಸಿ, ಮೇಣದಬತ್ತಿ ಹಚ್ಚಿ, ಗೋಧಿ ಇಟ್ಟೆ. ಬಂದವರು ಒಂದೊಂದು ಚಮಚ ತಿಂದು, ದೇವರು ಅವನ ಆತ್ಮಕ್ಕೆ ನೆಮ್ಮದಿ ಕೊಡಲಿ ಎಂದು ಹೇಳಿ ಹೋದರು. ಬಾಗಿಲ ಬಳಿಯ ಕಲ್ಲಿನ ಮೇಜಿನ ಮೇಲೆ ಹದಿನಾರು ಬತ್ತಿಗಳಿದ್ದವು. ಗೋಧಿ ಇರಲಿಲ್ಲ. ಯಾರೋ ಬೇಕರಿಯ ಬನ್ನು ತಂದಿಟ್ಟಿದ್ದರು, ಅದರ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ.

ದೊಬ್ರಿಲಾ ಪ್ರತಿ ವರ್ಷದಂತೆ ಬಂದಳು. ತಿಂದಳು. "ನಿನ್ನ ಕೈ ನೋವು ಅಂದ್ರು ಪಾದ್ರಿ. ತೋರ್ಸು," ಎಂದು ನನ್ನ ಮಣಿಕಟ್ಟು ಹಿಡಿದು ಎರಡು ಹೆಬ್ಬೆರಳಿನಿಂದ ನೀವಿದಳು. ಪಾದ್ರಿಗೆ ಬಲಗೈ ಎಂದಿದ್ದೆನೋ ಎಡಗೈ ಎಂದಿದ್ದೆನೋ ನೆನಪಾಗಲಿಲ್ಲ, ಹತ್ತಿರವಿದ್ದ ಕೈ ಕೊಟ್ಟಿದ್ದೆ. ರಾತ್ರಿ ಬಿಸಿ ಉಪ್ಪಿನ ಗಂಟು ಕಟ್ಟಿಕೋ, ಹಟ ಮಾಡಬೇಡ ಎಂದಳು.

ಊಟ ಸೇರಲಿಲ್ಲ. ಮಂಜಿನಲ್ಲಿ ಅಷ್ಟು ಹೊತ್ತು ಇದ್ದದ್ದಕ್ಕೇ ಇರಬೇಕು.

ನವೆಂಬರ್ 6, ಗುರುವಾರ

ಒಂಬತ್ತು ಕಾಗದಗಳು ಹೋದವು. ನಾನೇ ಮುದ್ರಿಸಿದೆ, ನಾನೇ ಲಕೋಟೆಗೆ ಹಾಕಿದೆ. ದೊಬ್ರಿಲಾಳ ಅಂತಿಮ ವರ್ಷದ ತರಗತಿಯನ್ನು ಅವಳಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದಾರೆ. ಇನ್ನು ವಾರಕ್ಕೆ ಮೂರು ದಿನ ಗುಡ್ಡದಾಚೆಯ ಹಳ್ಳಿಶಾಲೆಗೆ ಹೋಗಿ ಅವಳು ಗಣಿತ ಹೇಳಬೇಕು. ಅಲ್ಲಿ ಇರುವುದು ಹನ್ನೊಂದು ಮಕ್ಕಳು, ಬಸ್ಸು ಒಂದೇ.

ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಕಾಗದವನ್ನು ಮೇಜಿನ ಮೇಲಿಟ್ಟಳು.

"ಇದಕ್ಕೆ ಮೊದಲು ಒಂದು ಪಟ್ಟಿ ಹೋಗಿತ್ತಂತೆ. ನೀನಾ ಮಾಡಿದ್ದು?"

ಮೇಲಿನವರು ಕೇಳಿದರೆ ಇಲ್ಲವೆನ್ನುವ ಅಧಿಕಾರ ನನಗಿಲ್ಲ ಎಂದೆ. ನಾನು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು ಎಂದೆ. ರಸ್ತೆಯಲ್ಲಿ ನಿಂತವರನ್ನು ಊರೇ ನೋಡಿದೆ ಎಂದೆ. ಇನ್ನೂ ಏನೇನೋ ಹೇಳಿದೆ, ಎಲ್ಲವೂ ಸರಿಯಾದ ಮಾತುಗಳೇ.

"ಪೆರ್ಸಾ, ನೀನಾ ಅಂತ ಕೇಳ್ದೆ."

"ಹೌದು," ಎಂದೆ. ಆಮೇಲೆ ವುಕಾಶಿನ್‌ನ ವಿಷಯ ಹೇಳಿದೆ. ಡಿಸೆಂಬರ್ ಕೊನೆಗೆ ಅವನ ಅವಧಿ ಮುಗಿಯುತ್ತದೆ, ದ್ರಾಗಿಶಾ ಬಾಗಿಲಲ್ಲಿ ನಿಂತು ಕೇಳಿದ, ನಾನು ಏನು ಮಾಡಬೇಕಿತ್ತು ಎಂದೆ.

ಅವಳು ಕನ್ನಡಕ ತೆಗೆದು ಮಫ್ಲರಿನ ತುದಿಯಲ್ಲಿ ಒರೆಸಿದಳು. "ಅವನನ್ನ ಎತ್ತಿಕೊಂಡು ದೇವರ ಮುಂದೆ ನಿಂತವಳು ನಾನು. ಹುಡುಗನ ಕೆಲಸ ಹೋಗುತ್ತೆ, ನಿನ್ನ ಹೆಸರು ಬರೀಲಾ ಅಂತ ನನ್ನನ್ನ ಕೇಳಿದ್ರೆ ನಾನೇ ಬರೆದು ಕೊಡ್ತಿದ್ದೆ ಕಣೇ. ನೀನು ಕೇಳ್ಲಿಲ್ಲ."

ಕಾಗದ ತೆಗೆದುಕೊಂಡು ಹೋದಳು. ಬಾಗಿಲನ್ನು ಬಡಿಯಲಿಲ್ಲ. ಬಡಿದಿದ್ದರೆ ನನಗೂ ಸಿಟ್ಟು ಬರುತ್ತಿತ್ತು.

ನವೆಂಬರ್ 7, ಶುಕ್ರವಾರ

ಇವತ್ತೂ ನಿಂತಿದ್ದರು. ಒಂಬತ್ತೂ ಜನ.

ನವೆಂಬರ್ 15, ಶನಿವಾರ

ಇನ್ನು ಆರು ದಿನಕ್ಕೆ ನಮ್ಮ ಮನೆದೇವರ ಹಬ್ಬ, ದೇವದೂತ ಮಿಹೈಲನ ದಿನ. ಈ ಸಲ ಶುಕ್ರವಾರ ಬಂದಿದೆ, ಆದ್ದರಿಂದ ಮಾಂಸ, ಹಾಲು, ಮೊಟ್ಟೆ ಇಲ್ಲದ ಉಪವಾಸದ ಅಡಿಗೆ: ಮೀನು, ಹುರುಳಿ, ಎಣ್ಣೆಯಲ್ಲಿ ಮಾಡಿದ ತಿಂಡಿಗಳು. ಮೊರಾವಾ ನದಿಯ ದಂಡೆಯ ಮೀನಿನವನಿಗೆ ನಾಲ್ಕು ಕಾರ್ಪ್ ಹೇಳಿ ಬಂದೆ. ಅಲ್ಲಿ ಸಾಲಿನಲ್ಲಿ ನಮ್ಮ ಶಾಲೆಯ ಇಬ್ಬರು ನಿಂತಿದ್ದರು. ನಾನು ಹೋದಾಗ ಅವರ ಮಾತು ನಿಂತಿತು. ಜೆರಾಕ್ಸ್ ಕೋಣೆಯಲ್ಲೂ ಹೀಗೇ ಆಗುತ್ತಿದೆ.

ಒಂದು ತಪ್ಪು ಮಾಡಿದೆ. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ.

ಮನೆದೇವರ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರು ತಾವಾಗಿ ಬರುತ್ತಾರೆ, ಒಮ್ಮೆ ಬಂದವರು ಪ್ರತಿ ವರ್ಷ ಬರುತ್ತಾರೆ, ಮನೆಯವರು ಬಾಗಿಲು ತೆಗೆದಿಟ್ಟು ನಿಂತಿರಬೇಕು. ನನ್ನ ಮದುವೆಯಾದ ಮೂವತ್ತನಾಲ್ಕು ವರ್ಷವೂ ದೊಬ್ರಿಲಾ ಮೊದಲಿಗಳಾಗಿ ಬಂದಿದ್ದಾಳೆ. ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಅವಳ ಸದ್ದು ಕೇಳುತ್ತದೆ. ಪಾದ್ರಿ ಅವಳ ಸಮಯ ನೋಡಿಯೇ ನಮ್ಮ ಮನೆಗೆ ಬರುತ್ತಾರೆ, ಹಬ್ಬದ ರೊಟ್ಟಿಯನ್ನು ನಮ್ಮೊಂದಿಗೆ ಅವಳೂ ಹಿಡಿದು ತಿರುಗಿಸಬೇಕು ಎಂದು. ಅಂಥವಳಿಗೆ ಇವತ್ತು ಫೋನ್ ಮಾಡಿ, ಶುಕ್ರವಾರ ಬರುತ್ತೀಯಲ್ಲ, ಬಾ ಎಂದು ಕರೆದೆ.

ಬಾಯಿಯಿಂದ ಮಾತು ಹೊರಬಿದ್ದ ಕೂಡಲೇ ತಪ್ಪು ತಿಳಿಯಿತು.

"ಕರೆದೆಯಾ?" ಎಂದಳು. "ಸರಿ. ಕರೆದ ಮೇಲೆ ನಾನು ಹೊರಗಿನವಳು. ಹೊರಗಿನವಳಿಗೆ ಪುರುಸೊತ್ತಿಲ್ಲ ಅಂತ ಹೇಳೋಕೆ ಬರುತ್ತೆ."

ಅಷ್ಟೇ. ಫೋನ್ ಇಟ್ಟಳು. ಅತ್ತೆ ಬದುಕಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ.

ನವೆಂಬರ್ 19, ಬುಧವಾರ

ವುಕಾಶಿನ್ ಊಟಕ್ಕೆ ಬಂದು, ಬೂಟು ಬಿಚ್ಚುತ್ತ, ಶುಕ್ರವಾರ ಬಸ್ಸಿನಲ್ಲಿ ಹೋಗಬೇಕು ಎಂದ. ಬೆಲ್‌ಗ್ರೇಡಿನಲ್ಲಿ ಪಕ್ಷದ ಸಭೆ. ಬೆಳಿಗ್ಗೆ ಆರಕ್ಕೆ ಹೊರಟು ಸಂಜೆಗೆ ವಾಪಸು, ಊಟಕ್ಕೆ ಸ್ಯಾಂಡ್‌ವಿಚ್ ಕೊಡುತ್ತಾರೆ.

ಮನೆದೇವರ ಹಬ್ಬಕ್ಕೆ ರಜೆ ಕೊಡಲೇಬೇಕೆಂದು ಕಾನೂನಿದೆ, ನಿಮ್ಮ ಮೇಲಧಿಕಾರಿಗೆ ಗೊತ್ತಿಲ್ಲವೇ ಎಂದೆ. ಗೊತ್ತಿದೆಯಂತೆ. ರಜೆ ನಿನ್ನ ಹಕ್ಕು, ಜನವರಿಯಲ್ಲಿ ಹಕ್ಕು ಇಟ್ಟುಕೊಂಡು ಏನು ಮಾಡುತ್ತೀ ನೋಡಿಕೋ ಎಂದರಂತೆ.

"ರೊಟ್ಟಿ ಯಾರೋ ಹಿಡ್ಕೊಳ್ಳೋದು?" ಎಂದು ಕೇಳಿದೆ.

"ಕುಮಾ ದೊಬ್ರಿಲಾ ಇರ್ತಾಳಲ್ಲಮ್ಮ," ಎಂದ. ಅವನಿಗೆ ಏನೂ ಗೊತ್ತಿಲ್ಲ. ಮೂವತ್ತೆರಡು ವರ್ಷದ ಗಂಡಸು ತಲೆ ತಗ್ಗಿಸಿಕೊಂಡು ಹುರುಳಿ ತಿನ್ನುತ್ತಿದ್ದ. ಅವನಿಗಾಗಿ ಇಷ್ಟೆಲ್ಲ ಮಾಡಿ ಅವನನ್ನೇ ಹಬ್ಬದ ದಿನ ಮನೆಯಲ್ಲಿ ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ನವೆಂಬರ್ 20, ಗುರುವಾರ

ರಜೆ ಹಾಕಿದೆ. ಹಿಟ್ಟು ನಾದಿದೆ, ಮೇಲೆ ಅಲಂಕಾರಕ್ಕೆ ಹಿಟ್ಟಿನಲ್ಲೇ ಪಾರಿವಾಳ, ದ್ರಾಕ್ಷಿ ಗೊಂಚಲು, ತೆರೆದ ಪುಸ್ತಕ ಮಾಡಿದೆ. ರೊಟ್ಟಿ ಚೆನ್ನಾಗಿ ಉಬ್ಬಿದೆ.

ಅಂಗಡಿಯಲ್ಲಿ ಎಣ್ಣೆ ತರಲು ಹೋದವಳು ಒಂದು ಕಿಲೋ ಗೋಧಿಯನ್ನೂ ತಂದೆ. ನಮ್ಮ ಹಬ್ಬಕ್ಕೆ ಗೋಧಿ ಬೇಯಿಸುವುದಿಲ್ಲ. ಬೇರೆ ಸಂತರೆಲ್ಲ ಬದುಕಿ ಸತ್ತವರು, ಅವರ ಹೆಸರಿನಲ್ಲಿ ಬೇಯಿಸಬಹುದು. ಮಿಹೈಲ್ ದೇವದೂತ, ಅವನಿಗೆ ಸಾವಿಲ್ಲ. ಸಾವಿಲ್ಲದವನ ಹಬ್ಬದಲ್ಲಿ ಸತ್ತವರ ಗೋಧಿ ಬೇಯಿಸಿದರೆ ಮನೆಗೆ ಸಾವನ್ನು ಕರೆದ ಹಾಗೆ ಎಂದು ಅತ್ತೆ ಹೊಸ ಸೊಸೆಯಾಗಿದ್ದ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಹೇಳಿದ್ದಳು.

ಮಧ್ಯಾಹ್ನ ಬೇಯಲು ಇಟ್ಟೆ. ಈಗ ಬಟ್ಟೆಯ ಮೇಲೆ ಹರಡಿದ್ದೇನೆ. ಕೈ ಚೆನ್ನಾಗಿಯೇ ಇದೆ.

ನವೆಂಬರ್ 21, ಶುಕ್ರವಾರ, ದೇವದೂತ ಮಿಹೈಲನ ದಿನ

ವುಕಾಶಿನ್ ಐದೂವರೆಗೆ ಎದ್ದು, ದೇವದೂತನ ಚಿತ್ರದ ಮುಂದೆ ಶಿಲುಬೆಯ ಗುರುತು ಹಾಕಿ, ನನ್ನ ಕೆನ್ನೆಗೆ ಮೂರು ಮುತ್ತು ಕೊಟ್ಟು ಹೋದ. ಮೇಣದಬತ್ತಿ ಹಚ್ಚಿದೆ. ಹನ್ನೆರಡು ಕುರ್ಚಿ ಹಾಕಿದೆ. ನಾಲ್ಕು ನಮ್ಮವು, ಉಳಿದದ್ದು ಎದುರು ಮನೆಯಿಂದ ತಂದದ್ದು. ಅವರು ಕೊಟ್ಟರು, ತಾವು ಬರುವ ಮಾತು ಎತ್ತಲಿಲ್ಲ.

ಪಾದ್ರಿ ಹನ್ನೊಂದು ಗಂಟೆಗೆ ಬಂದರು. ಕೋಣೆ ನೋಡಿದರು. ವುಕಾಶಿನ್ ಎಲ್ಲಿ ಎಂದು ಕೇಳಿದರು, ಹೇಳಿದೆ. ಕುಮಾ ಎಲ್ಲಿ ಎಂದು ಕೇಳಲಿಲ್ಲ. ಹಾಗಾದರೆ ಅವರಿಗೂ ಗೊತ್ತಿದೆ.

ರೊಟ್ಟಿಯ ಸುತ್ತ ಆರೆಂಟು ಕೈ ಇರಬೇಕು. ಎಲ್ಲರೂ ಅಂಚು ಹಿಡಿದು ನಿಧಾನಕ್ಕೆ ಸುತ್ತ ತಿರುಗಿಸುತ್ತ ಹಾಡಬೇಕು. ಈ ಸಲ ನಾಲ್ಕೇ ಕೈ, ಪಾದ್ರಿಯದೆರಡು ನನ್ನವೆರಡು. ರೊಟ್ಟಿ ಭಾರವಾಗಿತ್ತು, ಒಂದು ಕಡೆ ವಾಲಿತು. ವೈನ್ ಹನಿಸಿದ ಮೇಲೆ ಮುರಿಯುವಾಗ ಅತ್ತ ಕಡೆ ಮನೆಯ ಗಂಡಸು ಇರಬೇಕಾದ ಜಾಗದಲ್ಲಿ ನಾನು ನಿಂತೆ. ಸರಿಯಾಗಿ ಎರಡು ಹೋಳಾಗಲಿಲ್ಲ.

ಆಗ ಅವರು ಬದಿಯ ಮೇಜಿನ ಮೇಲೆ ಬಟ್ಟೆ ಮುಚ್ಚಿದ್ದ ತಟ್ಟೆಯನ್ನು ನೋಡಿದರು. ಬಟ್ಟೆ ಎತ್ತಿದರು.

"ಪೆರ್ಸಿಡಾ, ಈ ಮನೇಲಿ ಇವತ್ತು ಗೋಧಿ?" ಎಂದು ನನ್ನ ಪೂರ್ತಿ ಹೆಸರು ಹಿಡಿದು ಕೇಳಿದರು.

"ಮಿಹೈಲನಿಗೆ ಅಲ್ಲ," ಎಂದೆ.

ಅವರು ತೆಗೆದು ಮಡಿಸಿದ್ದ ಪ್ರಾರ್ಥನೆಯ ಕೊರಳವಸ್ತ್ರವನ್ನು ಮತ್ತೆ ಹಾಕಿಕೊಂಡು ತಟ್ಟೆಯ ಮುಂದೆ ನಿಂತು ಒಂದೊಂದಾಗಿ ಹೆಸರು ಹೇಳತೊಡಗಿದರು. ಕಾಗದ ನಿಜಕ್ಕೂ ಬೇಕಾಗಲಿಲ್ಲ. ಅದರಲ್ಲಿ ಮಕ್ಕಳ ಹೆಸರೂ ಇದ್ದವು. ನಾನು ಇಷ್ಟು ದಿನ ಸಂಖ್ಯೆ ಕೇಳಿದ್ದೆನೇ ಹೊರತು ಹೆಸರುಗಳನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಪಟ್ಟಿ ಮಾಡುವವಳು ನಾನು, ಇದೊಂದು ಪಟ್ಟಿಯನ್ನು ಓದಿರಲಿಲ್ಲ. ಅಲ್ಲಿಯೇ ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ. ಪಾದ್ರಿ ನಿಲ್ಲಿಸದೆ ಹೇಳಿ ಮುಗಿಸಿದರು, ಮುಂದಿನ ಮನೆಗೆ ಹೋಗಬೇಕೆಂದು ಹೊರಟರು.

ಹಬ್ಬದ ದಿನ ಮನೆಯವರು ಕೂರುವಂತಿಲ್ಲ. ಬಂದವರಿಗೆ ಬಡಿಸುತ್ತ ನಿಂತೇ ಇರಬೇಕು. ನಾನು ನಿಂತಿದ್ದೆ. ಹನ್ನೊಂದೂವರೆಯಾಯಿತು. ಮೀನು ಆರಿತು. ಮೆಟ್ಟಿಲ ಮೇಲೆ ಎರಡು ಸಲ ಸದ್ದಾಯಿತು, ಎರಡೂ ಸಲ ಮೇಲಿನ ಮಹಡಿಯವರು. ಹನ್ನೆರಡು ಕುರ್ಚಿಗಳ ಮುಂದೆ ಯಾರಿಗಾಗಿ ನಿಂತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ನಿಲ್ಲುವುದೇ ಆದರೆ ನಿಂತವರ ಜೊತೆ ಹೋಗಿ ನಿಲ್ಲಬಹುದಲ್ಲ ಎನಿಸಿತು. ಕೋಟು ಹಾಕಿಕೊಂಡು, ತಟ್ಟೆ ಹಿಡಿದು, ಜೇಬಿಗೆ ಚಮಚಗಳನ್ನೂ ಒಂದು ಗಾಜಿನ ಲೋಟವನ್ನೂ ನೀರಿನ ಬಾಟಲಿಯನ್ನೂ ತುಂಬಿಕೊಂಡು ಕೆಳಗಿಳಿದೆ. ಬಾಗಿಲಿಗೆ ಬೀಗ ಹಾಕಲಿಲ್ಲ, ಹಬ್ಬದ ದಿನ ಹಾಕಬಾರದು.

ಕೂಡುರಸ್ತೆಯಲ್ಲಿ ಎಲ್ಲರೂ ಆಗಲೇ ನಿಂತಿದ್ದರು. ನಾನು ಹಿಂದೆ ಬೇಕರಿಯ ಗೋಡೆಯ ಪಕ್ಕ ನಿಂತೆ. ನನ್ನ ಕಡೆ ತಿರುಗಿ ನೋಡಿದವರು ಮತ್ತೆ ಮುಂದೆ ತಿರುಗಿದರು. ತಟ್ಟೆ ಕೆಳಗಿಡಲು ಜಾಗವಿರಲಿಲ್ಲ. ಐದು ನಿಮಿಷಕ್ಕೆ ತೋಳು ನಡುಗಿತು, ಹತ್ತು ನಿಮಿಷಕ್ಕೆ ಭುಜ ಸೆಳೆಯಿತು. ಎದುರಿಗೆ ಶಾಲೆಯ ಎರಡನೆಯ ಮಹಡಿಯಲ್ಲಿ ನನ್ನ ಕೋಣೆಯ ಕಿಟಕಿ ಕಾಣುತ್ತಿತ್ತು. ಪರದೆ ಒಂದು ಬೆರಳಷ್ಟು ಸರಿದಿತ್ತು, ಹಿಂದೆ ಯಾರೋ ಇದ್ದರು. ಅಲ್ಲಿಂದ ನೋಡಿದರೆ ಎಲ್ಲರ ಮುಖ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ನನಗೆ ಗೊತ್ತು.

ಹದಿನಾರು ನಿಮಿಷ ಮುಗಿಯಿತು. ಯಾರೂ ಚದುರಲಿಲ್ಲ, ಯಾರೂ ಹತ್ತಿರ ಬರಲೂ ಇಲ್ಲ. ನಾನೇ ಎರಡು ಹೆಜ್ಜೆ ಮುಂದೆ ಹೋಗಿ, ಅವರ ಆತ್ಮಕ್ಕೆ ಎಂದೆ. ಬಸ್ಸಿನವನು ಮೊದಲು ಬಂದ. ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ, ಶಿಲುಬೆಯ ಗುರುತು ಹಾಕಿ, ಒಂದು ಚಮಚ ತೆಗೆದುಕೊಂಡು, ದೇವರು ಅವರಿಗೆ ನೆಮ್ಮದಿ ಕೊಡಲಿ ಎಂದ. ಆಮೇಲೆ ಸಾಲಾಯಿತು. ನಾನು ಹೆಸರು ಬರೆದ ಒಂಬತ್ತು ಜನರಲ್ಲಿ ಎಂಟು ಜನ ನನ್ನ ಕೈಯಿಂದ ತಿಂದರು. ಇಬ್ಬರು ನನ್ನ ಮುಖ ನೋಡಲಿಲ್ಲ. ಅದು ಸರಿಯೇ.

ಕೊನೆಗೆ ದೊಬ್ರಿಲಾ ಬಂದಳು. ಕುಂಟುತ್ತಿದ್ದಳು. ಚಮಚ ತೆಗೆದುಕೊಂಡಳು, ತಿಂದಳು, ಆ ಮಾತು ಹೇಳಿದಳು. ಚಮಚವನ್ನು ನೀರಿನ ಲೋಟಕ್ಕೆ ಹಾಕಿದಳು.

"ಆಕ್ರೋಟು ಕಮ್ಮಿ ಆಗಿದೆ," ಎಂದಳು. ಹಿಂದಿರುಗಿ ಮಕ್ಕಳನ್ನು ಕರೆದುಕೊಂಡು ಶಾಲೆಯೊಳಕ್ಕೆ ಹೋದಳು.

ಹಬ್ಬಕ್ಕೆ ನಮ್ಮ ಮನೆಗೆ ಅವಳು ಬರಲಿಲ್ಲ. ನಾನು ವಾಪಸು ಬಂದು ಸಂಜೆಯವರೆಗೂ ಕುರ್ಚಿಗಳ ಮುಂದೆ ನಿಂತಿದ್ದೆ.

ವುಕಾಶಿನ್ ಏಳು ಗಂಟೆಗೆ ಬಂದ. ಸ್ಯಾಂಡ್‌ವಿಚ್ಚನ್ನು ಹಾಗೇ ವಾಪಸು ತಂದಿದ್ದ, ಅದರಲ್ಲಿ ಮಾಂಸವಿತ್ತು. ಕುರ್ಚಿಗಳನ್ನು ನೋಡಿ ಯಾರು ಯಾರು ಬಂದಿದ್ದರು ಎಂದು ಕೇಳಿದ. ಯಾರೂ ಬರಲಿಲ್ಲ, ನಾನೇ ಹೋದೆ ಎಂದೆ. ಆಮೇಲೆ ಪಟ್ಟಿಯ ವಿಷಯವನ್ನೂ ಹೇಳಿದೆ, ಮೊದಲಿಂದ ಕೊನೆಯವರೆಗೆ. ಅವನು ಕೋಟು ಬಿಚ್ಚದೆ ಕೇಳಿದ.

"ಬಸ್ಸಲ್ಲಿ ಎಲ್ಲರ ಫೋನಿಗೂ ನಿನ್ನ ಫೋಟೊ ಬಂತು. ತಟ್ಟೆ ಹಿಡ್ಕೊಂಡಿರೋದು," ಎಂದ. "ಇವಳು ನಿನ್ನ ತಾಯಿ ತಾನೇ ಅಂತ ಮೇಲಧಿಕಾರಿ ಕೇಳಿದ."

ನೀನೇನಂದೆ ಎಂದು ಕೇಳಿದೆ.

"ಹೌದು ಅಂದೆ. ಇನ್ನೇನನ್ಲಿ."

ರೊಟ್ಟಿಯ ದೊಡ್ಡ ಹೋಳನ್ನು ಅವನಿಗೆ ಕೊಟ್ಟೆ. ಒಟ್ಟಿಗೆ ವೈನ್ ಹನಿಸಿ ಬತ್ತಿ ಆರಿಸಿದೆವು.

ನವೆಂಬರ್ 24, ಸೋಮವಾರ

ದ್ರಾಗಿಶಾ ಇವತ್ತು ಕಾಫಿ ತಾನೇ ತಂದ, ಎರಡು ಲೋಟ.

ಶುಕ್ರವಾರದ ಪಟ್ಟಿ ಬೇಕು ಎಂದ. ನಿನ್ನದು ಬೇಡ, ನೀನು ರಜೆಯಲ್ಲಿದ್ದೆ, ಗೋಧಿ ಹಂಚುವುದು ಧರ್ಮದ ಕೆಲಸ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ನಾನು ಮೇಲೆ ಮಾತಾಡಿದ್ದೇನೆ ಎಂದ. ಇಷ್ಟು ಮೆತ್ತಗೆ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ. ವುಕಾಶಿನ್‌ನ ಮಾತನ್ನೂ ಎತ್ತಿದ.

ಅವನ ಮುಂದೆಯೇ ಟೈಪ್ ಮಾಡಿ ಮುದ್ರಿಸಿ ಕೊಟ್ಟೆ. ಪೆರ್ಸಿಡಾ, ಕಾರ್ಯದರ್ಶಿ. ಸ್ಥಳ: ಶಾಲೆಯ ಮುಂದಿನ ಕೂಡುರಸ್ತೆ. ಸಮಯ: ಹನ್ನೊಂದು ಐವತ್ತೆರಡರಿಂದ ಹನ್ನೆರಡು ಎಂಟು. ಕಾರಣ: ಸತ್ತವರಿಗಾಗಿ. ಕೆಳಗೆ ಸಹಿ ಮಾಡಿದೆ, ಮೊಹರೂ ಹಾಕಿದೆ.

ಅವನು ಹಾಳೆಯ ಹಿಂಬದಿ ನೋಡಿದ. "ಉಳಿದವರು?"

"ಕಾಣ್ಲಿಲ್ಲ," ಎಂದೆ. "ತಟ್ಟೆ ಕಡೆ ಕಣ್ಣಿತ್ತು."

ಕಾಫಿ ಕುಡಿಯದೆ ಹೋದ. ಎರಡೂ ಲೋಟ ನಾನೇ ಕುಡಿದೆ.

ಡಿಸೆಂಬರ್ 19, ಶುಕ್ರವಾರ, ಸಂತ ನಿಕೊಲಾನ ದಿನ

ಬರೆಯದೆ ಬಹಳ ದಿನವಾಯಿತು. ನನ್ನನ್ನು ನೆಲಮಾಳಿಗೆಯ ಹಳೆಯ ದಾಖಲೆಗಳ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಲ್ಲ, ಬೆಚ್ಚಗಿದೆ. ಜನವರಿಯಿಂದ ಬರಬೇಡ ಎಂದು ವುಕಾಶಿನ್‌ಗೆ ಸೋಮವಾರ ಹೇಳಿದರು. ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಇವತ್ತು ಮಧ್ಯಾಹ್ನ ತೊಳೆದ ಅಂಗಿ ಹಾಕಿಕೊಂಡು ಬಂದು, ಕುಮಾ ಮನೆಗೆ ವೈನ್ ಒಯ್ಯೋದಾ ಬ್ರಾಂಡಿನಾ ಎಂದು ಕೇಳಿದ.

ದೊಬ್ರಿಲಾಳ ಗಂಡನ ಮನೆದೇವರು ನಿಕೊಲಾ. ಪ್ರತಿ ವರ್ಷ ನಾವು ಹೋಗುತ್ತೇವೆ. ಯಾರೂ ಕರೆದಿರಲಿಲ್ಲ, ಕರೆಯುವುದೂ ಇಲ್ಲ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತೆ. ವುಕಾಶಿನ್ ಹಿಂದಿನಿಂದ ಬಾಟಲಿಯ ತಳದಿಂದ ನನ್ನ ಬೆನ್ನು ತಿವಿದ.

ಬಾಗಿಲು ತೆರೆದೇ ಇತ್ತು. ಒಳಗೆ ಗದ್ದಲ, ಮೀನಿನ ವಾಸನೆ. ದೊಬ್ರಿಲಾ ಗೋಧಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಹಬ್ಬ ಒಳ್ಳೆಯದಾಗಲಿ ಎಂದೆ. ಅವಳು ವುಕಾಶಿನ್‌ನನ್ನು ಬಗ್ಗಿಸಿ ಹಣೆಗೆ ಮುತ್ತು ಕೊಟ್ಟಳು. ನನ್ನ ಮುಂದೆ ತಟ್ಟೆ ಹಿಡಿದಳು.

"ತಡ ಮಾಡ್ದೆ," ಎಂದಳು. "ತಗೋ. ಆಕ್ರೋಟು ಎಷ್ಟು ಹಾಕ್ಬೇಕು ಅಂತ ನೋಡಿ ಕಲಿ."

ಒಂದು ಚಮಚ ತೆಗೆದುಕೊಂಡೆ. ತಿಂದು ಚಮಚವನ್ನು ನೀರಿನ ಲೋಟಕ್ಕೆ ಹಾಕಿದೆ.

ಕೋಣೆಯಲ್ಲಿ ಇಪ್ಪತ್ತು ಜನ ಇದ್ದರು. ಇಬ್ಬರು ಜಾಗವಿಲ್ಲದೆ ಗೋಡೆಗೆ ಒರಗಿ ತಿನ್ನುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿ ಮಾತ್ರ ಖಾಲಿ ಇತ್ತು, ಅದರ ಬೆನ್ನಿಗೆ ಸಾಸಿವೆ ಬಣ್ಣದ ಮಫ್ಲರ್ ಹಾಕಿತ್ತು. ದೊಬ್ರಿಲಾ ಮಫ್ಲರ್ ತೆಗೆದುಕೊಂಡು ಪಕ್ಕಕ್ಕೆ ನಿಂತಳು. ನಾನು ಹೋಗಿ ಕೂತೆ.